ತೂಕಕ್ಕೆ ಹಾಕುವ ಮುನ್ನ: ಹಳೆಯ ವಾಲ್ವ್‌ಗಳನ್ನು ಇಟ್ಟುಕೊಂಡವರಿಗೆ ಒಂದು ಬಹಿರಂಗ ಪತ್ರ

ಅಟ್ಟದ ಮೇಲೆ ವಾಲ್ವ್ ರೇಡಿಯೊ ಇಟ್ಟುಕೊಂಡಿರುವ ಮನೆಯವರಿಗೆ, ಬಾಗಿಲು ಮುಚ್ಚಿದ ರೇಡಿಯೊ ರಿಪೇರಿ ಅಂಗಡಿಗಳ ವಾರಸುದಾರರಿಗೆ, ಗುಜರಿ ವ್ಯಾಪಾರಿಗಳಿಗೆ ಹಾಗೂ ಶಾಲಾ ಕಾಲೇಜುಗಳ ಭೌತಶಾಸ್ತ್ರ ಅಧ್ಯಾಪಕರಿಗೆ

ಮಾನ್ಯರೇ,

ಹಳೆಯ ವಾಲ್ವ್ ಒಂದಕ್ಕೆ ಬೆಲೆ ಕಟ್ಟಲು ನಾಲ್ಕು ಸಂಗತಿಗಳು ತಿಳಿಯಬೇಕು: ಗಾಜಿನ ಮೇಲಿರುವ ನಂಬರ್ ಯಾವುದು, ಒಳಗಿನ ನಿರ್ವಾತ ಉಳಿದಿದೆಯೇ, ಕ್ಯಾಥೋಡ್‌ನಲ್ಲಿ ಎಷ್ಟು ಕಸುವು ಬಾಕಿ ಇದೆ, ಇವತ್ತು ಅದನ್ನು ಬಳಸುವವರು ಯಾರು. ಈ ನಾಲ್ಕನ್ನೂ ವಿಚಾರಿಸಿದರೆ ಬೆಲೆ ಸರಿಸುಮಾರಾಗಿ ಗೊತ್ತಾಗುತ್ತದೆ. ವಿಚಾರಿಸದೆ ತೂಕಕ್ಕೆ ಹಾಕಿದರೆ ದುಡಿಯುವ ವಾಲ್ವೂ ಸತ್ತ ವಾಲ್ವೂ ಒಂದೇ ಚೀಲದಲ್ಲಿ ಪುಡಿಯಾಗುತ್ತವೆ.

ವಾಲ್ವ್ ಎಂಬುದು ಗಾಳಿ ಹೀರಿ ತೆಗೆದು ಬಾಯಿ ಮುಚ್ಚಿದ ಗಾಜಿನ ಕೊಳವೆ. ಅದರ ನಟ್ಟನಡುವೆ ಹೀಟರ್ ಇರುತ್ತದೆ. ಹೀಟರನ್ನು ಸುತ್ತುವರಿದ ಸಣ್ಣ ನಿಕ್ಕಲ್ ಕೊಳವೆಯೇ ಕ್ಯಾಥೋಡ್. ಅದಕ್ಕೆ ಬೇರಿಯಂ ಮತ್ತು ಸ್ಟ್ರಾಂಷಿಯಂ ಆಕ್ಸೈಡುಗಳ ಬಿಳಿ ಲೇಪವಿರುತ್ತದೆ. ಕಾದಾಗ ಈ ಲೇಪದಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಹೊರಗಿನ ಪ್ಲೇಟ್‌ಗೆ ಧನ ವೋಲ್ಟೇಜ್ ಕೊಟ್ಟರೆ ಅವು ನಿರ್ವಾತದಲ್ಲಿ ಅದರತ್ತ ಹರಿಯುತ್ತವೆ. ನಡುವೆ ಕೂದಲೆಳೆಯಂಥ ತಂತಿ ಸುತ್ತಿದ ಗ್ರಿಡ್ ಇದೆ. ಕಾಲುವೆಯ ತೂಬನ್ನು ಬೆರಳಷ್ಟು ಎತ್ತಿ ಇಳಿಸಿದರೆ ಗದ್ದೆಗೆ ಹೋಗುವ ನೀರು ಹೆಚ್ಚುಕಡಿಮೆಯಾಗುವಂತೆ, ಗ್ರಿಡ್‌ನ ಅತಿ ಸಣ್ಣ ವೋಲ್ಟೇಜ್ ಪ್ಲೇಟ್‌ಗೆ ಹರಿಯುವ ಕರೆಂಟನ್ನು ಹಿಡಿತದಲ್ಲಿ ಇಡುತ್ತದೆ. ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಕೆಲಸ ಆಗುವುದು ಇಲ್ಲಿ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಗ್ರಿಡ್ ಇಲ್ಲದ ಡಯೋಡ್ ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಎಲೆಕ್ಟ್ರೋಡ್ ಸೇರಿಸಿದರು. ರೇಡಿಯೊ ಪ್ರಸಾರ, ಮಾತಿನ ಸಿನಿಮಾ, ರೇಡಾರ್, ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರುಗಳು, ಎಲ್ಲವೂ ಇದರಿಂದಲೇ ಸಾಧ್ಯವಾದವು.

ಕರ್ನಾಟಕಕ್ಕೂ ವಾಲ್ವ್‌ಗೂ ಹಳೆಯ ನಂಟಿದೆ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆರಂಭಿಸಿದ ‘ಆಕಾಶವಾಣಿ’ ಪ್ರಸಾರ ನಡೆದದ್ದು ವಾಲ್ವ್ ಟ್ರಾನ್ಸ್‌ಮಿಟರಿನಿಂದ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ (ಬಿಇಎಲ್) 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಶುರುಮಾಡಿತು. ಮರುವರ್ಷವೇ ಜರ್ಮೇನಿಯಂ ಸೆಮಿಕಂಡಕ್ಟರುಗಳೂ ಅಲ್ಲಿಂದ ಬರತೊಡಗಿದವು. ದೇಶದ ಮರ್ಫಿ, ಫಿಲಿಪ್ಸ್, ಎಚ್‌ಎಂವಿ, ಬುಷ್ ರೇಡಿಯೊಗಳ ಒಳಗೆ ‘ಬಿಇಎಲ್’ ಎಂದು ಅಚ್ಚಾದ ವಾಲ್ವ್‌ಗಳು ಇವತ್ತಿಗೂ ಸಿಗುತ್ತವೆ. ಟ್ರಾನ್ಸಿಸ್ಟರ್ ಅಗ್ಗವಾದ ಮೇಲೆ ಈ ರೇಡಿಯೊಗಳು ಅಟ್ಟ ಸೇರಿದವು, ರಿಪೇರಿ ಅಂಗಡಿಯ ವಾಲ್ವ್‌ಗಳು ಡಬ್ಬಗಳಲ್ಲಿ ಉಳಿದವು. ಅವುಗಳ ಭವಿಷ್ಯ ಈಗ ನಿಮ್ಮ ಕೈಯಲ್ಲಿದೆ.

ಮೊದಲ ಕೆಲಸ ನಂಬರ್ ಓದುವುದು. ಗಾಜಿನ ಮೇಲಿನ ಬರಹ ಬೆರಳು ತಾಗಿದರೆ ಅಳಿಸಿಹೋಗುವಷ್ಟು ಸೂಕ್ಷ್ಮ. ಆದ್ದರಿಂದ ಬಟ್ಟೆಯಿಂದ ಉಜ್ಜಬಾರದು, ಸೋಪಿನ ನೀರು ತಾಗಿಸಬಾರದು. ಬರಹ ಮಾಸಿದ್ದರೆ ಗಾಜಿನ ಮೇಲೆ ಬಾಯಿಂದ ಹಬೆಬಿಟ್ಟು ಬೆಳಕಿಗೆ ಓರೆಯಾಗಿ ಹಿಡಿದರೆ ಕ್ಷಣಕಾಲ ಅಕ್ಷರಗಳು ಎದ್ದು ಕಾಣುತ್ತವೆ. ಆ ಹೊತ್ತಿಗೆ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಯುರೋಪಿನ ಪದ್ಧತಿಯಲ್ಲಿ ನಂಬರೇ ವಾಲ್ವ್‌ನ ಜಾತಕ. ಮೊದಲ ಅಕ್ಷರ ಹೀಟರಿನದು: ‘ಡಿ’ ಎಂದರೆ 1.4 ವೋಲ್ಟ್, ಬ್ಯಾಟರಿ ರೇಡಿಯೊಗೆ. ‘ಇ’ ಎಂದರೆ 6.3 ವೋಲ್ಟ್, ‘ಯು’ ಎಂದರೆ 100 ಮಿಲಿಆಂಪಿಯರ್, ‘ಪಿ’ ಎಂದರೆ 300 ಮಿಲಿಆಂಪಿಯರ್, ಹೆಚ್ಚಾಗಿ ಟಿವಿಗೆ. ಮುಂದಿನ ಅಕ್ಷರಗಳು ಒಳಗಿನ ರಚನೆಯನ್ನು ಹೇಳುತ್ತವೆ: ‘ಸಿ’ ಟ್ರಯೋಡ್ (ಮೂರು ಎಲೆಕ್ಟ್ರೋಡ್), ‘ಎಫ್’ ಪೆಂಟೋಡ್ (ಐದು ಎಲೆಕ್ಟ್ರೋಡ್), ‘ಎಲ್’ ಔಟ್‌ಪುಟ್ ಪೆಂಟೋಡ್, ‘ಎಂ’ ಸ್ಟೇಷನ್ ಹಿಡಿದಾಗ ಹಸಿರಾಗಿ ಹೊಳೆಯುವ ಮ್ಯಾಜಿಕ್ ಐ, ‘ಝಡ್’ ಎಸಿಯನ್ನು ಡಿಸಿ ಮಾಡುವ, ಎರಡು ಪ್ಲೇಟ್‌ಗಳ ರೆಕ್ಟಿಫೈಯರ್. ಅಂಕಿ ತಳದ ಬಗೆಯನ್ನು ತಿಳಿಸುತ್ತದೆ: 30ರ ಸಾಲು ಎಂಟು ಪಿನ್ನಿನ ಆಕ್ಟಲ್, 80ರ ಸಾಲು ಒಂಬತ್ತು ಪಿನ್ನಿನದು, 90ರ ಸಾಲು ಏಳು ಪಿನ್ನಿನದು. ಹೀಗೆ ಓದಿದರೆ ಇಸಿಸಿ 83 ಎಂಬುದು 6.3 ವೋಲ್ಟ್ ಹೀಟರಿನ, ಎರಡು ಟ್ರಯೋಡ್‌ಗಳಿರುವ, ಒಂಬತ್ತು ಪಿನ್ನಿನ ವಾಲ್ವ್. ಅಮೆರಿಕದ ಪದ್ಧತಿಯಲ್ಲಿ ಇದೇ ವಾಲ್ವ್‌ನ ಹೆಸರು 12ಎಎಕ್ಸ್7. ಅಲ್ಲಿ ಮೊದಲ ಅಂಕಿ ಸುಮಾರಾಗಿ ಹೀಟರ್ ವೋಲ್ಟೇಜನ್ನು ಹೇಳುತ್ತದೆ. ಈ ವಾಲ್ವ್‌ನ ಹೀಟರನ್ನು 12.6 ವೋಲ್ಟಿಗೂ 6.3 ವೋಲ್ಟಿಗೂ ಜೋಡಿಸಲು ಬರುವುದರಿಂದ ಎರಡೂ ಹೆಸರು ಸರಿಯೇ.

ಐದು ವಾಲ್ವ್‌ನ ಸಾಮಾನ್ಯ ಮನೆ ರೇಡಿಯೊದಲ್ಲಿ ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80 ಒಟ್ಟಿಗೆ ಕಾಣಸಿಗುವುದುಂಟು. ಐದೂ ಒಂದೇ ರೇಡಿಯೊದಲ್ಲಿ ಒಂದೇ ಕಾಲ ದುಡಿದಿದ್ದರೂ ಇಂದಿನ ಬೆಲೆ ಒಂದೇ ಅಲ್ಲ. ಇಎಫ್ 89 ಬೇಕೆನ್ನುವವರು ಬಹುಪಾಲು ಹಳೆಯ ರೇಡಿಯೊ ಸರಿಪಡಿಸುವವರು ಮಾತ್ರ. ಇಎಲ್ 84 ಹಾಗಲ್ಲ. ಗಿಟಾರ್ ಆಂಪ್ಲಿಫೈಯರುಗಳಲ್ಲೂ ಸಂಗೀತ ಕೇಳುವ ವಾಲ್ವ್ ಆಂಪ್ಲಿಫೈಯರುಗಳಲ್ಲೂ ಅದು ಇಂದಿಗೂ ಬೇಕು. ಹೆಸರುವಾಸಿಯಾದ ವಾಕ್ಸ್ ಎಸಿ30 ಗಿಟಾರ್ ಆಂಪ್ಲಿಫೈಯರಿನಲ್ಲಿ ಔಟ್‌ಪುಟ್‌ಗೆ ಇರುವುದು ನಾಲ್ಕು ಇಎಲ್ 84. ಮಾರ್ಷಲ್ ಕಂಪನಿಯ ದೊಡ್ಡ ಆಂಪ್ಲಿಫೈಯರುಗಳು ಇಎಲ್ 34ಕ್ಕೆ ಹೆಸರಾದವು. ಮೊದಲ ಹಂತದಲ್ಲಿ ಸಂಕೇತ ಹೆಚ್ಚಿಸಲು ಬಹುತೇಕ ಎಲ್ಲರೂ ಇಸಿಸಿ 83 ಬಳಸುತ್ತಾರೆ. ಕೆಟಿ 88, 6ಎಲ್6, 6ವಿ6, 2ಎ3 ಕೂಡ ಇದೇ ಕಾರಣಕ್ಕೆ ಬೇಡಿಕೆಯಲ್ಲಿವೆ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ತಯಾರಿಸಿದ, ಸಿನಿಮಾ ಮಂದಿರಗಳ ಆಂಪ್ಲಿಫೈಯರುಗಳಲ್ಲಿ ಬಳಕೆಯಾದ 300ಬಿಯ ಹಳೆಯ ಅಸಲಿ ವಾಲ್ವ್ ಸಿಕ್ಕರೆ ಹತ್ತಾರು ಸಾವಿರ ರೂಪಾಯಿ ಬಾಳುತ್ತದೆ. ಇದಕ್ಕೆ ವಿರುದ್ಧವಾಗಿ ಟಿವಿಗಾಗಿ ರಾಶಿರಾಶಿ ತಯಾರಾದ ‘ಪಿ’ ಸಾಲಿನ ಬಹಳಷ್ಟು ವಾಲ್ವ್‌ಗಳು ಹೊಸದಾಗಿದ್ದರೂ ಅಗ್ಗ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ.

ನಂಬರಿನ ನಂತರ ತಯಾರಕರ ಗುರುತು. ಒಂದೇ ಇಸಿಸಿ 83ಕ್ಕೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೆಲೆ ಬೇರೆ. ಜರ್ಮನಿಯ ಟೆಲಿಫುಂಕನ್ ವಾಲ್ವ್‌ಗಳಲ್ಲಿ ತಳದ ಗಾಜಿನ ಮೇಲೆ, ಪಿನ್ನುಗಳ ನಡುವೆ, ವಜ್ರಾಕಾರದ ಸಣ್ಣ ಉಬ್ಬು ಗುರುತು ಇರುತ್ತದೆ. ಫಿಲಿಪ್ಸ್ ಮತ್ತು ಮುಲ್ಲಾರ್ಡ್ ವಾಲ್ವ್‌ಗಳ ಗಾಜಿನ ಕೆಳಭಾಗದಲ್ಲಿ ಬೂದುಬಣ್ಣದ ಎರಡು ಸಾಲು ಸಣ್ಣ ಅಕ್ಷರಗಳಿರುತ್ತವೆ. ಎರಡನೆಯ ಸಾಲು ಕಾರ್ಖಾನೆ, ವರ್ಷ, ತಿಂಗಳು, ವಾರವನ್ನು ಹೇಳುತ್ತದೆ. ಇಂಗ್ಲಿಷಿನ ‘ಬಿ’ ಅಕ್ಷರ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದು, ತ್ರಿಕೋನ ನೆದರ್‌ಲ್ಯಾಂಡ್ಸಿನ ಹೀರ್ಲೆನ್ ಕಾರ್ಖಾನೆಯದು. ಒಂದು ಕಂಪನಿ ಮಾಡಿದ ವಾಲ್ವ್‌ಗೆ ಇನ್ನೊಂದು ಕಂಪನಿ ತನ್ನ ಹೆಸರು ಒತ್ತಿ ಮಾರುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಈಗ ಹೆಸರಾಂತ ಕಂಪನಿಗಳ ಹೆಸರನ್ನು ಸಾಧಾರಣ ವಾಲ್ವ್‌ಗಳ ಮೇಲೆ ಹೊಸದಾಗಿ ಅಚ್ಚು ಹಾಕಿ ಮೋಸ ಮಾಡುವವರೂ ಇದ್ದಾರೆ. ಆದ್ದರಿಂದ ಹೊರಗಿನ ಅಚ್ಚಿಗಿಂತ ಒಳಗಿನ ಪ್ಲೇಟ್‌ನ ಆಕಾರ, ಗೆಟರ್ ಉಂಗುರ (ಗೆಟರ್ ಏನೆಂಬುದು ಮುಂದೆ ಬರುತ್ತದೆ) ಮತ್ತು ಕಾರ್ಖಾನೆಯ ಕೋಡ್ ಹೆಚ್ಚು ನಂಬಿಕೆಗೆ ಅರ್ಹ. ಬಳಸದೆ ಹಳೆಯ ಕಾಗದದ ಪೆಟ್ಟಿಗೆಯಲ್ಲೇ ಉಳಿದ ವಾಲ್ವ್‌ಗೆ ಬೆಲೆ ಹೆಚ್ಚು. ಪೆಟ್ಟಿಗೆಯನ್ನು ಎಸೆಯಬಾರದು.

ಎರಡನೆಯ ಕೆಲಸ ಕಣ್ಣಿನ ಪರೀಕ್ಷೆ. ವಾಲ್ವ್‌ನ ನೆತ್ತಿಯಲ್ಲಿ ಅಥವಾ ಪಕ್ಕದಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಲೇಪ ಕಾಣುತ್ತದೆ. ಇದಕ್ಕೆ ಗೆಟರ್ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಗಾಳಿ ತೆಗೆದ ಮೇಲೂ ಒಳಗೆ ಉಳಿಯುವ ಅಲ್ಪಸ್ವಲ್ಪ ಅನಿಲವನ್ನು ಹೀರಿಕೊಳ್ಳಲೆಂದು ಬೇರಿಯಂ ಲೋಹವನ್ನು ಒಳಗೇ ಕಾಯಿಸಿ ಆವಿಮಾಡಿ ಗಾಜಿಗೆ ಹಿಡಿಸಿರುತ್ತಾರೆ. ಲೇಪ ಬೆಳ್ಳಿಯಂತೆ ಅಥವಾ ಅಂಚಿನಲ್ಲಿ ಕಂದು ತಿರುಗಿದಂತೆ ಇದ್ದರೆ ನಿರ್ವಾತ ಉಳಿದಿದೆ ಎಂದರ್ಥ. ಹಾಲಿನಂತೆ ಬೆಳ್ಳಗಾಗಿದ್ದರೆ ಎಲ್ಲೋ ಬಿರುಕು ಬಿಟ್ಟು ಗಾಳಿ ಒಳಗೆ ನುಗ್ಗಿದೆ; ಆ ವಾಲ್ವ್ ಮುಗಿಯಿತು. ಇಷ್ಟು ತಿಳಿಯಲು ಯಾವ ಉಪಕರಣವೂ ಬೇಡ. ಉಕ್ಕಿನ ಕವಚದ ವಾಲ್ವ್‌ಗಳಲ್ಲಿ ಗೆಟರ್ ಕಾಣುವುದಿಲ್ಲ, ದೊಡ್ಡ ಟ್ರಾನ್ಸ್‌ಮಿಟರ್ ವಾಲ್ವ್‌ಗಳಲ್ಲೂ ಇಂಥ ಲೇಪ ಇಲ್ಲದಿರಬಹುದು. ಅಂಥವನ್ನು ಮೀಟರಿನಿಂದಲೇ ನೋಡಬೇಕು. ಸೊಟ್ಟಗಾದ ಪಿನ್ನನ್ನು ಇಕ್ಕಳದಿಂದ ಬಲವಾಗಿ ಎಳೆದರೆ ಅದರ ಬುಡದಲ್ಲೇ ಗಾಜು ಸೀಳುತ್ತದೆ, ಆದ್ದರಿಂದ ಅವಸರ ಕೂಡದು.

ಮೂರನೆಯದು ಮಲ್ಟಿಮೀಟರ್. ಒಂಬತ್ತು ಪಿನ್ನಿನ ವಾಲ್ವನ್ನು ತಲೆಕೆಳಗಾಗಿ ಹಿಡಿದು, ಪಿನ್ನುಗಳ ನಡುವಿನ ದೊಡ್ಡ ಸಂದಿಯಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಣಿಸಬೇಕು. ಇಎಲ್ 84, ಇಸಿಸಿ 83, ಇಸಿಎಚ್ 81, ಇಎಫ್ 89 ಎಲ್ಲದರಲ್ಲೂ ಹೀಟರ್ ಇರುವುದು 4 ಮತ್ತು 5ನೇ ಪಿನ್ನುಗಳಿಗೆ. 6ವಿ6ನಂಥ ಆಕ್ಟಲ್ ವಾಲ್ವ್‌ಗಳಲ್ಲಿ 2 ಮತ್ತು 7. ಮೀಟರ್ ಕಡಿಮೆ ಓಮ್ ತೋರಿಸಿದರೆ ಹೀಟರ್ ಸರಿಯಿದೆ, ಏನೂ ತೋರಿಸದಿದ್ದರೆ ತುಂಡಾಗಿದೆ. ಒಂದು ಎಚ್ಚರಿಕೆ ಅಗತ್ಯ: ಡಿಕೆ 96, ಡಿಎಲ್ 96ರಂಥ ಬ್ಯಾಟರಿ ವಾಲ್ವ್‌ಗಳ ಹೀಟರ್ ತಂತಿ (ಫಿಲಮೆಂಟ್) ಅತಿ ನವಿರು. ಕೆಲವು ಹಳೆಯ ಮುಳ್ಳಿನ ಮೀಟರುಗಳು ಓಮ್ ಅಳೆಯುವಾಗ ಹರಿಸುವ ಕರೆಂಟೇ ಅದನ್ನು ಸುಟ್ಟುಬಿಡಬಲ್ಲದು. ಅವಕ್ಕೆ ಡಿಜಿಟಲ್ ಮೀಟರ್ ಮಾತ್ರ ಬಳಸಬೇಕು.

ಹೀಟರ್ ಸರಿಯಿದ್ದ ಮಾತ್ರಕ್ಕೆ ವಾಲ್ವ್ ಚೆನ್ನಾಗಿದೆ ಎನ್ನಲಾಗದು. ಸಾವಿರಾರು ಗಂಟೆ ದುಡಿದ ಮೇಲೆ ಕ್ಯಾಥೋಡ್‌ನ ಲೇಪ ಸವೆದು ಎಲೆಕ್ಟ್ರಾನುಗಳ ಹರಿವು ಕುಗ್ಗುತ್ತದೆ. ಅದನ್ನು ತಿಳಿಯಲು ವಾಲ್ವ್ ಟೆಸ್ಟರ್ ಬೇಕು. ಅಗ್ಗದ ಟೆಸ್ಟರುಗಳು ಒಟ್ಟು ಹರಿವನ್ನಷ್ಟೇ ನೋಡುತ್ತವೆ. ಎವಿಒ ಕಂಪನಿಯ ಟೆಸ್ಟರಿನಂಥವು ಗ್ರಿಡ್‌ನ ಒಂದು ವೋಲ್ಟ್ ಬದಲಾವಣೆಗೆ ಪ್ಲೇಟ್ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬುದನ್ನು ಅಳೆಯುತ್ತವೆ. ಬೆಲೆ ಕಟ್ಟಲು ಎರಡನೆಯದೇ ಮುಖ್ಯ. ಹೊಸ ಇಎಲ್ 84ಕ್ಕೆ 250 ವೋಲ್ಟ್ ಪ್ಲೇಟ್ ವೋಲ್ಟೇಜಿನಲ್ಲಿ 48 ಮಿಲಿಆಂಪಿಯರ್ ಕರೆಂಟ್, ವೋಲ್ಟಿಗೆ 11.3 ಮಿಲಿಆಂಪಿಯರ್ ಬದಲಾವಣೆ ಎಂಬುದು ಕೈಪಿಡಿಯ ಲೆಕ್ಕ. ಇಸಿಸಿ 83ಕ್ಕೆ ಅದೇ 250 ವೋಲ್ಟಿನಲ್ಲಿ 1.2 ಮಿಲಿಆಂಪಿಯರ್ ಕರೆಂಟ್, ವೋಲ್ಟಿಗೆ 1.6 ಮಿಲಿಆಂಪಿಯರ್ ಬದಲಾವಣೆ. ಅದರ ಎರಡು ಟ್ರಯೋಡ್‌ಗಳನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಒಂದರ ಅಳತೆ ಇನ್ನೊಂದಕ್ಕೆ ಹತ್ತಿರವಿರುವ ಔಟ್‌ಪುಟ್ ವಾಲ್ವ್‌ಗಳನ್ನು ಜೋಡಿ ಮಾಡಿದರೆ ಬಿಡಿಯಾಗಿ ಮಾರಿದ್ದಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ. ಮ್ಯಾಜಿಕ್ ಐ ವಾಲ್ವ್‌ಗಳಲ್ಲಿ ಹೊಳೆಯುವ ಲೇಪವೇ ಸವೆಯುತ್ತದೆ. ಒಮ್ಮೆ ಮಂಕಾದದ್ದನ್ನು ಮತ್ತೆ ಹೊಳೆಯುವಂತೆ ಮಾಡಲಾಗದು. ಆದ್ದರಿಂದ ಬಳಸದೆ ಉಳಿದವನ್ನು ಸಂಗ್ರಾಹಕರು ಹುಡುಕುತ್ತಾರೆ.

ಪರೀಕ್ಷೆಯ ಆತುರದಲ್ಲಿ ಅಟ್ಟದ ರೇಡಿಯೊವನ್ನು ನೇರವಾಗಿ ಪ್ಲಗ್‌ಗೆ ಹಾಕಿ ಸ್ವಿಚ್ ಒತ್ತುವುದು ಅಪಾಯ. ದಶಕಗಳ ಕಾಲ ಕುಳಿತ ರೇಡಿಯೊದಲ್ಲಿ ಕಾಗದದ ಕೆಪಾಸಿಟರುಗಳೂ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೂ ಸೋರತೊಡಗಿರುತ್ತವೆ. ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ ಸಂಕೇತ ತರುವ ಒಂದು ಕೆಪಾಸಿಟರ್ ಸೋರಿದರೆ ಸಾಕು, ವಾಲ್ವ್‌ನ ಪ್ಲೇಟ್ ಕೆಂಪಗೆ ಕಾದು ಅದರ ಜೊತೆಗೆ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು. ಒಳಗೆ 250 ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ‘ಯು’ ಸಾಲಿನ ವಾಲ್ವ್‌ಗಳಿರುವ ಎಸಿ-ಡಿಸಿ ರೇಡಿಯೊಗಳಲ್ಲಿ ಲೋಹದ ಚಾಸಿಯೇ ಮುಖ್ಯ ವಿದ್ಯುತ್ ಲೈನಿಗೆ ಸೇರಿರಬಹುದು. ತಿಳಿದವರು ಮೊದಲು ಕೆಪಾಸಿಟರುಗಳನ್ನು ಬದಲಿಸಿ, ಸರಣಿಯಲ್ಲಿ ಒಂದು ಸಾದಾ ತಂತಿಯ ಬಲ್ಬ್ ಹಾಕಿ, ಆಮೇಲೆ ಕರೆಂಟ್ ಕೊಡುತ್ತಾರೆ. ತಿಳಿಯದವರು ರೇಡಿಯೊಗೆ ಕರೆಂಟ್ ಕೊಡದೆ ವಾಲ್ವ್‌ಗಳನ್ನು ತೆಗೆದು ಟೆಸ್ಟರ್ ಇರುವವರಲ್ಲಿಗೆ ಒಯ್ಯುವುದೇ ಸರಿ.

ವಾಲ್ವ್‌ಗಳ ಬಗ್ಗೆ ಹಬ್ಬಿರುವ ಒಂದು ಸುಳ್ಳನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕಿದೆ. ಹಳೆಯ ರೇಡಿಯೊ, ಟಿವಿಗಳಲ್ಲಿ ‘ಕೆಂಪು ಪಾದರಸ’ ಇದೆ, ಅದಕ್ಕೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಬೆಲೆ ಎಂದು ವಿಡಿಯೊಗಳು ಹರಿದಾಡಿವೆ. ಕನ್ನಡಿಯಲ್ಲಿ ಅದರ ಬಿಂಬ ಕಾಣುವುದಿಲ್ಲ, ಬೆಳ್ಳುಳ್ಳಿ ಹಿಡಿದರೆ ದೂರ ಸರಿಯುತ್ತದೆ, ಚಿನ್ನ ಹಿಡಿದರೆ ಹತ್ತಿರ ಬರುತ್ತದೆ ಎಂಬ ಪವಾಡಗಳನ್ನೂ ತೋರಿಸುತ್ತಾರೆ. ಇಂಥ ವಸ್ತು ಯಾವ ರೇಡಿಯೊದಲ್ಲೂ ಇಲ್ಲ. ಜನ ಪಾದರಸವೆಂದು ಭಾವಿಸುವ ಆ ಬೆಳ್ಳಿ ಹೊಳಪು ಮೇಲೆ ಹೇಳಿದ ಬೇರಿಯಂ ಗೆಟರ್ ಮಾತ್ರ. ಅದರ ತೂಕ ನಗಣ್ಯ, ಗಾಳಿ ತಾಗಿದ ಕೂಡಲೆ ಬಿಳಿ ಪುಡಿಯಾಗುತ್ತದೆ. ಅದಕ್ಕಾಗಿ ವಾಲ್ವ್ ಒಡೆದವರಿಗೆ ಗಾಜಿನ ಚೂರು ಮಾತ್ರ ಸಿಗುತ್ತದೆ. ಮುಂಗಡ ಹಣ ಕೇಳಿ ಇದನ್ನು ಕೊಳ್ಳುತ್ತೇವೆಂದು ಬರುವವರು ಮೋಸಗಾರರು. ನಿಜವಾದ ಪಾದರಸ ಇರುವುದು 866ರಂಥ ದೊಡ್ಡ ರೆಕ್ಟಿಫೈಯರ್ ವಾಲ್ವ್‌ಗಳಲ್ಲಿ. ಅವು ಟ್ರಾನ್ಸ್‌ಮಿಟರುಗಳಲ್ಲಿ ಬಳಕೆಯಾದವು. ಒಡೆದರೆ ಆ ಆವಿ ವಿಷ. ಚಿನ್ನದ ಮಾತೂ ಅಷ್ಟೇ. ಇ88ಸಿಸಿಯಂಥ ವಿಶೇಷ ದರ್ಜೆಯ ವಾಲ್ವ್‌ಗಳ ಪಿನ್ನಿಗೆ ಚಿನ್ನದ ತೆಳುಲೇಪವಿದೆ ನಿಜ. ಆದರೆ ಆ ವಾಲ್ವ್‌ಗೆ ಬೆಲೆ ಬಂದದ್ದು ಅದರ ಕಡಿಮೆ ಗದ್ದಲದಿಂದ ಮತ್ತು ದೀರ್ಘ ಬಾಳಿಕೆಯಿಂದ.

ಲೋಹದ ಆಸೆಗೆ ಏನಾಗುತ್ತದೆ ಎಂಬುದನ್ನು ಈ ಪತ್ರ ಬರೆಯುತ್ತಿರುವವರು ಕಣ್ಣಾರೆ ಕಂಡದ್ದುಂಟು. ರಿಪೇರಿ ಅಂಗಡಿಯೊಂದನ್ನು ಖಾಲಿ ಮಾಡುವಾಗ, ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ಹೊಸ ವಾಲ್ವ್‌ಗಳನ್ನು ರಟ್ಟು ಬೇರೆ, ಗಾಜು ಬೇರೆ ಎಂದು ವಿಂಗಡಿಸಿ ಗೋಣಿಚೀಲಕ್ಕೆ ಸುರಿದರು. ಚೀಲ ನೆಲಕ್ಕೆ ಕುಕ್ಕಿದಾಗ ಒಂದೊಂದೂ ನಿರ್ವಾತ ಕಳೆದುಕೊಂಡು ಬೆಳ್ಳಗಾಯಿತು. ಮಾರಿದವರಿಗೂ ಕೊಂಡವರಿಗೂ ಅದರಿಂದ ದಕ್ಕಿದ್ದು ಹೇಳಿಕೊಳ್ಳುವಷ್ಟಿರಲಿಲ್ಲ. ತಪ್ಪು ಯಾರದ್ದೂ ಅಲ್ಲ. ಅದೇನೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ಉಪಯೋಗದ ಕಡೆಗೆ ಬಂದರೆ, ಸಂಗೀತದ ಆಂಪ್ಲಿಫೈಯರುಗಳು ಮೊದಲ ಸ್ಥಾನದಲ್ಲಿವೆ. ಸ್ಲೊವಾಕಿಯ, ರಷ್ಯಾ, ಚೀನಾಗಳಲ್ಲಿ ಕೆಲವು ಬಗೆಯ ಹೊಸ ವಾಲ್ವ್‌ಗಳು ಈಗಲೂ ತಯಾರಾಗುತ್ತಿವೆ. ಆದರೆ ಅವು ಬಹುಪಾಲು ಆಂಪ್ಲಿಫೈಯರಿಗೆ ಬೇಕಾದ ಬಗೆಗಳು. ಇಸಿಎಚ್ 81, ಇಎಫ್ 89ರಂಥವಕ್ಕೆ ಹಳೆಯ ದಾಸ್ತಾನೇ ಆಧಾರ. ಹೀಗಾಗಿ ಅಗ್ಗದ ವಾಲ್ವ್ ಕೂಡ ತನ್ನಂಥದೇ ಇನ್ನೊಂದು ರೇಡಿಯೊವನ್ನು ಮತ್ತೆ ನುಡಿಸಬಲ್ಲದು. ಅದರ ಬೆಲೆ ಸಣ್ಣದು, ಪ್ರಯೋಜನ ದೊಡ್ಡದು. ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆ 807, 6146, 813ರಂಥ ಟ್ರಾನ್ಸ್‌ಮಿಟರ್ ವಾಲ್ವ್‌ಗಳು ಬೇಕು. ಧ್ವನಿಮುದ್ರಣದ ಹಳೆಯ ಮೈಕ್ರೊಫೋನುಗಳಿಗೂ ವಾಲ್ವ್ ಬೇಕು. ನ್ಯೂಮನ್ ಯು47 ಮೈಕ್ರೊಫೋನಿನ ವಿಎಫ್ 14 ಈಗ ತೀರ ವಿರಳ.

ಸತ್ತ ವಾಲ್ವ್‌ಗೂ ಕೆಲಸವಿದೆ. ತರಗತಿಯಲ್ಲಿ ಹೀಟರ್, ಕ್ಯಾಥೋಡ್, ಗ್ರಿಡ್, ಪ್ಲೇಟ್‌ಗಳನ್ನು ಕಣ್ಣಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಸಿಲಿಕಾನ್ ಚಿಪ್ಪಿನೊಳಗೆ ನಡೆಯುವುದು ಕಾಣುವುದಿಲ್ಲ, ಇಲ್ಲಿ ಎಲ್ಲವೂ ಕಾಣುತ್ತದೆ. ದುಡಿಯುವ ವಾಲ್ವ್ ಒಂದಿದ್ದರೆ ಕಾದ ಲೋಹದಿಂದ ಎಲೆಕ್ಟ್ರಾನು ಹೊರಬೀಳುವುದನ್ನು ವಿದ್ಯಾರ್ಥಿಗಳು ಅಳೆದೇ ನೋಡಬಹುದು. ಆಕ್ಟಲ್ ವಾಲ್ವ್‌ನ ಬೇಕಲೈಟ್ ತಳವನ್ನು ಪ್ಲಗ್ಗಾಗಿ, ಕಾಯಿಲ್ ಸುತ್ತುವ ಆಧಾರವಾಗಿ ಮರುಬಳಸುವುದು ಹವ್ಯಾಸಿಗಳ ಹಳೆಯ ರೂಢಿ. ವಾಲ್ವ್ ತಂತ್ರಜ್ಞಾನವೂ ಸತ್ತಿಲ್ಲ. ಅಡುಗೆಮನೆಯ ಮೈಕ್ರೊವೇವ್ ಒಲೆಯ ಮ್ಯಾಗ್ನೆಟ್ರಾನ್, ಆಸ್ಪತ್ರೆಯ ಎಕ್ಸ್‌ರೇ ಟ್ಯೂಬ್, ಉಪಗ್ರಹಗಳ ಟ್ರಾವೆಲಿಂಗ್ ವೇವ್ ಟ್ಯೂಬ್ ಎಲ್ಲವೂ ನಿರ್ವಾತ ನಳಿಕೆಗಳೇ. ಮೈಕ್ರೊವೇವ್ ನಳಿಕೆಗಳ ಸಂಶೋಧನೆಗೆಂದೇ ರಕ್ಷಣಾ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನಲ್ಲಿದೆ.

ಇಷ್ಟನ್ನು ತಿಳಿಸಿ ತಮ್ಮಲ್ಲಿ ಮಾಡಿಕೊಳ್ಳುವ ಕೋರಿಕೆಗಳು ಇವು.

ಮನೆಯವರಲ್ಲಿ: ರೇಡಿಯೊವನ್ನು ಬಿಡಿಬಿಡಿಯಾಗಿ ಮಾರಬೇಡಿ. ಮರದ ಪೆಟ್ಟಿಗೆ, ಡಯಲ್ ಗಾಜು, ಗುಂಡಿಗಳು, ವಾಲ್ವ್‌ಗಳು ಒಟ್ಟಿಗೆ ಇದ್ದರೆ ಅದಕ್ಕೆ ಬೆಲೆಯೂ ಇದೆ, ಮತ್ತೆ ಹಾಡುವ ಸಾಧ್ಯತೆಯೂ ಇದೆ. ಯಾವ ವಾಲ್ವ್ ಯಾವ ಸಾಕೆಟ್ಟಿನಲ್ಲಿತ್ತು ಎಂದು ಚೀಟಿ ಬರೆದಿಡಿ.

ಅಂಗಡಿಗಳ ವಾರಸುದಾರರಲ್ಲಿ: ಡಬ್ಬಗಳನ್ನು ಖಾಲಿ ಮಾಡುವ ಮೊದಲು ನಂಬರ್, ತಯಾರಕರು, ಪೆಟ್ಟಿಗೆ ಇದೆಯೇ ಇಲ್ಲವೇ ಎಂದು ಪಟ್ಟಿ ಮಾಡಿ. ಪಟ್ಟಿ ಕೈಯಲ್ಲಿದ್ದರೆ ಯಾರೂ ನಿಮ್ಮನ್ನು ಸುಲಭವಾಗಿ ಏಮಾರಿಸಲಾರರು. ಹಿರಿಯರು ಬಿಟ್ಟುಹೋದ ವಾಲ್ವ್ ಕೈಪಿಡಿ, ಸರ್ಕ್ಯೂಟ್ ಚಿತ್ರಗಳು, ಟೆಸ್ಟರುಗಳನ್ನು ರದ್ದಿಗೆ ಹಾಕಬೇಡಿ; ಕೆಲವೊಮ್ಮೆ ಅವೇ ವಾಲ್ವ್‌ಗಿಂತ ಹೆಚ್ಚು ಬೇಕಾದವು.

ಗುಜರಿ ವ್ಯಾಪಾರಿಗಳಲ್ಲಿ: ಬೆಳ್ಳಿ ಗೆಟರ್ ಇರುವ ವಾಲ್ವ್‌ಗಳನ್ನು ಚೀಲಕ್ಕೆ ಸುರಿಯದೆ ರಟ್ಟಿನ ಪೆಟ್ಟಿಗೆಯಲ್ಲಿ, ನಡುವೆ ಕಾಗದ ತುರುಕಿ, ಬೇರೆ ಇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ವಿಚಾರಿಸಿದರೆ ತೂಕದ ದರಕ್ಕಿಂತ ಒಳ್ಳೆಯ ಬೆಲೆ ಕೊಡುವವರು ಸಿಕ್ಕಾರು. ಟಿವಿ ಪಿಕ್ಚರ್ ಟ್ಯೂಬುಗಳನ್ನೂ ಪಾದರಸದ ವಾಲ್ವ್‌ಗಳನ್ನೂ ಎಂದಿಗೂ ಒಡೆಯಬೇಡಿ. ದೊಡ್ಡ ಟ್ರಾನ್ಸ್‌ಮಿಟರ್ ವಾಲ್ವ್‌ಗಳ ಬಿಳಿ ಪಿಂಗಾಣಿಯಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ಮಾರಕ. ಯಾರಿಗೂ ಬೇಡವಾದ ವಾಲ್ವ್‌ಗಳನ್ನು ಪರವಾನಗಿ ಪಡೆದ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಒಪ್ಪಿಸಿ.

ಅಧ್ಯಾಪಕರಲ್ಲಿ: ಪ್ರಯೋಗಾಲಯದ ಬೀರುಗಳಲ್ಲಿ ಉಳಿದಿರುವ ವಾಲ್ವ್‌ಗಳನ್ನು ಹಳೆಯ ದಾಸ್ತಾನು ಎಂದು ವಜಾ ಮಾಡುವ ಮುನ್ನ ಒಂದು ಜೊತೆಯನ್ನಾದರೂ ಪಾಠಕ್ಕೆಂದು ಇಟ್ಟುಕೊಳ್ಳಿ. ಊರಿನ ಹಳೆಯ ರೇಡಿಯೊ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ವಿದ್ಯಾರ್ಥಿಗಳೆದುರು ಒಂದು ಸೆಟ್ಟನ್ನು ಬಿಚ್ಚಿ ತೋರಿಸಲು ಹೇಳಿ. ವಾಲ್ವ್ ಸೆಟ್ಟುಗಳನ್ನು ಕೈಯಾರೆ ದುರಸ್ತಿ ಮಾಡಿ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ತಿಳಿವಳಿಕೆಯನ್ನು ಬರೆದಿಡುವ ಕೆಲಸ ನಿಮ್ಮಿಂದ ಆಗಬೇಕು.

ನಂಬರ್ ಓದಿ, ಗೆಟರ್ ನೋಡಿ, ಹೀಟರ್ ಅಳೆದು, ಬಲ್ಲವರನ್ನು ಕೇಳಿ, ಆಮೇಲೆ ಮಾರುವುದೋ ಕೊಡುವುದೋ ಇಟ್ಟುಕೊಳ್ಳುವುದೋ ತೀರ್ಮಾನಿಸಿ. ಒಡೆದ ವಾಲ್ವನ್ನು ಯಾರೂ ಸರಿಪಡಿಸಲಾರರು. ಅದನ್ನು ಒಡೆಯದಂತೆ ಉಳಿಸಿಕೊಡಿ ಎಂಬುದಷ್ಟೇ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ವಾಲ್ವ್ ರೇಡಿಯೊಗಳ ಒಬ್ಬ ಅಭ್ಯಾಸಿ
ಬೆಂಗಳೂರು